ಬೆಂಕಿಗೆ ಮುಂಚೆ ಆಡಿದ ಮಾತು

ಒಂದು ಟ್ರ್ಯಾಕ್ಟರ್ ಮಣ್ಣಿಗೆ ಮೂರು ಸಾವಿರ. ಮೂರ್ತಿ ಸುಡುವ ಭಟ್ಟಿಯ ಕಟ್ಟಿಗೆಗೆ ಆರು ಸಾವಿರ. ಖಾನಾಪುರದಲ್ಲಿ ಲಕ್ಷ್ಮಣನ ಭಟ್ಟಿಯ ಬಾಡಿಗೆ ಬೇರೆ. ಇದರ ಮೇಲೆ ಮೂರು ತಿಂಗಳ ಊಟ, ಬೆಳಗಾವಿ ಕ್ಯಾಂಪಿನ ಹಳೇ ಬಂಗ್ಲೆಯಲ್ಲಿ ಒಂದು ಕೋಣೆ. ಎಲ್ಲವನ್ನೂ ಗ್ಯಾಲರಿಯ ತಾರಾಬಾಯಿಯೇ ಹಾಕಿದ್ದರು. ದಾನೇಶ್ವರಿ ತನ್ನ ಕೈಯಿಂದ ಹಾಕಿದ್ದು ಹೆದರಿಕೆ ಒಂದೇ. ಅದು ಮೊದಲ ದಿನದಿಂದ ಯಾವತ್ತೂ ಕಡಿಮೆ ಬಿದ್ದಿರಲಿಲ್ಲ.

ಚಿತ್ರಕಲೆ ಓದಿ ಆಗಷ್ಟೇ ಹೊರಬಿದ್ದ ಮೂವರಿಗೆ ಗ್ಯಾಲರಿ ಪ್ರತಿ ವರ್ಷ ಹೀಗೆ ಜಾಗ ಕೊಡುತ್ತಿತ್ತು. ಕೊನೆಗೊಂದು ಪ್ರದರ್ಶನ. ಪುಣೆಯಿಂದ ಬರುವ ತೀರ್ಪುಗಾರರು ಅಲ್ಲಿ ಒಬ್ಬರನ್ನು ಆರಿಸುತ್ತಾರೆ. ಅವರಿಗೆ ಇನ್ನೊಂದು ವರ್ಷ ಇರಲು, ಉಣ್ಣಲು, ಕೆಲಸ ಮಾಡಲು ಚಿಂತೆಯಿಲ್ಲ. ಉಳಿದ ಇಬ್ಬರು ಗಂಟುಮೂಟೆ ಕಟ್ಟಬೇಕು. ದಾನೇಶ್ವರಿಗೆ ಆಟೋ ನಗರದಲ್ಲಿ ಲಾರಿಗಳಿಗೆ ಬಣ್ಣ ಬಳಿಯುವ ಬಾಳಪ್ಪ ಕಾಕಾ ಆಗಲೇ ಸ್ಟೂಲು ಒರೆಸಿಟ್ಟಿದ್ದ. "ಲಾರಿ ಹಿಂದ ಹುಲಿ ಬರಿಯಾಕ ಬಾರವಾ, ಅದೂ ಆರ್ಟೇ" ಅಂದಿದ್ದ.

ಅವಳು ಮಾಡಿದ್ದು ಉದ್ಯಮಬಾಗದ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತ ಹೆಂಗಸು. ತೊಡೆಯ ಮೇಲೆ ಬುತ್ತಿ ಚೀಲ. ಭಟ್ಟಿಯ ಪಕ್ಕದಲ್ಲೇ ಕಟ್ಟಿದ ಸೊಂಟದೆತ್ತರದ ಮಣ್ಣಿನ ಮೂರ್ತಿ, ಒಳಗೆಲ್ಲ ಪೊಳ್ಳು. ಪೊಳ್ಳು ಮೂರ್ತಿಗೆ ಬುಡದಲ್ಲೊಂದು ತೂತು ಇರಲೇಬೇಕು. ಬೆಂಕಿ ತಾಗಿದಾಗ ಒಳಗಿನ ಆವಿಗೆ ದಾರಿ ಸಿಗದಿದ್ದರೆ ಪಟಾಕಿಯ ಹಾಗೆ ಸಿಡಿದುಹೋಗುತ್ತದೆ.

ಶುಕ್ರವಾರ ಪ್ರದರ್ಶನ, ಅದರ ಹಿಂದಿನ ಭಾನುವಾರ ಭಟ್ಟಿ. ತಾರಾಬಾಯಿ ಜೈನರು; ತಮ್ಮ ರೊಕ್ಕದ ಬೆಂಕಿಯಲ್ಲಿ ಒಂದು ಜೀವವೂ ಸುಡಬಾರದು ಎಂಬುದು ಅವರ ಕಟ್ಟಳೆ. ಕಟ್ಟಿಗೆಯನ್ನು ಒಂದೊಂದಾಗಿ ತಾವೇ ಜಾಡಿಸಿ ಇರುವೆ, ಗೆದ್ದಲು ಇಳಿಸುತ್ತಿದ್ದರು.

"ಮಾವಶಿ, ಹಿಂಗ ಜಾಡಸ್ಕೋತ ಕುಂತ್ರ ಕಟ್ಟಿಗಿ ಚಿಗಿತಾವ ನೋಡ್ರಿ" ಎಂದ ಲಕ್ಷ್ಮಣ.

"ಚಿಗೀಲಿ ಬಿಡೋ. ನಿನ್ನ ಭಟ್ಟಿಗೆ ನೆಳ್ಳರ ಆಗತೈತಿ."

ಕಟ್ಟಿಗೆಯನ್ನು ಅವರು ಕಣ್ಣಿಂದ ನೋಡುತ್ತಿದ್ದರು. ಮೂರ್ತಿಯ ಒಳಗೆ ಮಾತ್ರ ಇಣುಕುತ್ತಿರಲಿಲ್ಲ, ಮಾಡಿದವರ ಮಾತೇ ಸಾಕು. "ಒಳಗ ಏನೂ ಇಲ್ಲಲ್ಲವಾ? ನೀ ಅಂದ್ರ ಮುಗೀತು" ಎಂದು ಅಲ್ಲಿಂದಲೇ ಕೇಳಿದರು.

ದಾನೇಶ್ವರಿಯ ಬೆರಳು ಆಗಷ್ಟೇ ಬುಡದ ತೂತನ್ನು ಹುಡುಕುತ್ತಿತ್ತು. ತೂತು ಸಿಗಲಿಲ್ಲ, ಏನೋ ಅದನ್ನು ಮುಚ್ಚಿತ್ತು.

"ಇಲ್ರಿ ಬಾಯಾರ" ಅಂದಳು. ಹೆದರಿದ ಬಾಯಿ ಮನಸ್ಸನ್ನು ಕೇಳಿ ಮಾತಾಡುವುದಿಲ್ಲ.

ಬಗ್ಗಿ ನೋಡಿದಳು. ಮೂರ್ತಿ ಬಿರಿಯಬಾರದೆಂದು ದಿನಾ ಮೇಲೆ ಗೋಣಿಚೀಲ ಹೊದಿಸುತ್ತಿದ್ದಳು, ಬುಡ ನೋಡಿರಲಿಲ್ಲ. ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಆ ತೂತಿನಲ್ಲೇ ಸಂಸಾರ ಹೂಡಿತ್ತು. ಮರಿಗೆಂದು ಕಾಲಲ್ಲಿ ಹಸಿರು ಕಂಬಳಿಹುಳ ಹಿಡಿದ ತಾಯಿಹುಳ ಅವಳ ಮಣಿಕಟ್ಟಿನ ಸುತ್ತ ಗುಂಯ್ ಎಂದಿತು.

ಲಕ್ಷ್ಮಣ ಬಾಜೂಕ ಬಂದು ಮೊಳೆಯೊಂದನ್ನು ಅವಳ ಕೈಗಿಟ್ಟ. "ಚುಚ್ಚಿ ತಗದಬಿಡ. ಹುಳಾ ಏನ್ ಕೋರ್ಟಿಗೆ ಹೋಗತಾವೇನು?"

ಚುಚ್ಚಿದಳು. ಗೂಡಿನ ಅಂಚು ಉದುರಿತು. ಒಳಗೆ ಅಕ್ಕಿಕಾಳಿನಂಥ ಮರಿಯೊಂದು ಮಿಸುಕಿತು. ಮನೆಯಲ್ಲಿ ಜಿರಳೆ ಕಂಡರೆ ಚಪ್ಪಲಿ ಎತ್ತುವ ಹುಡುಗಿಯೇ ಅವಳು. ಆದರೆ ಅತ್ತ ವಯಸ್ಸಾದ ತಾರಾಬಾಯಿ ಅವಳ ಮಾತು ನಂಬಿ, ಬೆನ್ನು ತಿರುಗಿಸಿಕೊಂಡು ಒಂದು ಇರುವೆಯನ್ನು ಎಲೆಯ ಮೇಲೆ ಹತ್ತಿಸುತ್ತಿದ್ದರು. ಮೊಳೆ ಮುಂದೆ ಹೋಗಲಿಲ್ಲ.

"ಬಾಯಾರ, ಸುಳ್ಳ ಹೇಳಿದ್ನಿರಿ. ಒಳಗ ಮರಿ ಅದಾವು."

ತಾರಾಬಾಯಿ ನಿಧಾನಕ್ಕೆ ಎದ್ದು ಬಂದರು. ಅವಳು ಮೊಳೆ ಕೆಳಗಿಟ್ಟಳು.

"ಮತ್ತ ಇಲ್ಲಾ ಅಂದೆಲ್ಲ?"

"ಹೆದರಿಕಿ ಆತ್ರಿ."

"ನನಗೋ, ಶುಕ್ರವಾರಕ್ಕೋ?"

"ಇಬ್ಬರಿಗೂ ರೀ."

ಅವರು ನಗಲಿಲ್ಲ. "ಶುಕ್ರವಾರ ಮುಂದ ಹಾಕೂದು ನನ್ನ ಕೈಯಾಗ ಇಲ್ಲವಾ. ಇವನ್ನ ಇಟ್ಟ ಬೆಂಕಿ ಹಚ್ಚಾಕೂ ಬಿಡಂಗಿಲ್ಲ."

ಮರಿ ಹಾರಿಹೋಗಲು ವಾರಗಟ್ಟಲೆ ಬೇಕು. ಉಳಿದ ದಾರಿ ಒಂದೇ: ಗೂಡಿನ ಸಮೇತ ಬುಡದ ಮಣ್ಣಿನ ಹಲಗೆಯನ್ನೇ ಕೊಯ್ದು ತೆಗೆಯುವುದು. ಒಣಗಿದ, ಇನ್ನೂ ಸುಡದ ಮಣ್ಣು ಹಪ್ಪಳದ ಹಾಗೆ. ಎಲ್ಲಿ ಬಿರಿದೀತು ಹೇಳಲಾಗದು. ಮೂರ್ತಿಯನ್ನು ಗೋಣಿಯ ಮೇಲೆ ಮಲಗಿಸಿದರು. ಲಕ್ಷ್ಮಣ ಸೊಂಟ ಹಿಡಿದ, ತಾರಾಬಾಯಿ ತಲೆಯನ್ನು ಮಡಿಲಿಗೆ ಒರಗಿಸಿಕೊಂಡರು. ದಾನೇಶ್ವರಿ ಗರಗಸದ ಬ್ಲೇಡು ಎಳೆದಳು. ಒಂದೊಂದು ಎಳೆತಕ್ಕೂ ಮಣ್ಣಿನ ಪುಡಿ ಗೋಣಿಯ ಮೇಲೆ ಉದುರುತ್ತಿತ್ತು.

"ಸಾವಕಾಶ, ನನ್ನವ್ವ" ಅಂದರು ತಾರಾಬಾಯಿ.

ಟಪ್ ಎಂದಿತು. ಮೂರ್ತಿಯ ಎಡಪಾದ ಹಲಗೆಗೇ ಅಂಟಿಕೊಂಡು ಪುಡಿಯಾಯಿತು. ದಾನೇಶ್ವರಿ ಕೈ ನಿಲ್ಲಿಸಲಿಲ್ಲ. ಹಲಗೆ ಕಳಚಿತು. ಗೂಡಿನ ಜೊತೆ ಅದನ್ನು ತಾರಾಬಾಯಿ ಎರಡೂ ಕೈಯಲ್ಲಿ ಎತ್ತಿ ಪೇರಲ ಗಿಡದ ಬುಡಕ್ಕೆ ಒಯ್ದಿಟ್ಟರು; ತಾಯಿಹುಳ ಗುಂಯ್‌ಗುಡುತ್ತ ಹಿಂದೆ ಹೋಯಿತು. ಬುಡ ತೆರೆದ ಮೂರ್ತಿಯನ್ನು ಭಟ್ಟಿಯೊಳಗಿಟ್ಟು ಲಕ್ಷ್ಮಣ ಕಡ್ಡಿ ಗೀರಿದ.

ಭಟ್ಟಿ ಆರಿ ಬಾಯಿ ತೆಗೆಯುವವರೆಗೆ ದಾನೇಶ್ವರಿ ಅಲ್ಲಿಂದ ಕದಲಲಿಲ್ಲ. ಮೂರ್ತಿ ಸಿಡಿದಿರಲಿಲ್ಲ.

ಶುಕ್ರವಾರ ಪುಣೆಯವರು ಪಾದ ಯಾಕಿಲ್ಲ ಎಂದು ಕೇಳಿದರು, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅವರು ತಲೆಯಾಡಿಸಿ ಮುಂದೆ ಹೋದರು. ವರ್ಷದ ಜಾಗ ಮೂವರಲ್ಲೊಬ್ಬನಾದ ಸುಮಿತನ ಚಿತ್ರಗಳಿಗೆ ಸಿಕ್ಕಿತು. ದಾನೇಶ್ವರಿ ಕಳೆದುಕೊಂಡದ್ದು ಆ ಒಂದು ವರ್ಷ ಮತ್ತು ಒಂದು ಪಾದ. ಅವಳಿಗೆ ಉಳಿದದ್ದು ಗಟ್ಟಿಯಾಗಿ ಸುಟ್ಟ ಒಂದು ಮೂರ್ತಿ, ಮತ್ತು ತಾರಾಬಾಯಿಯ ಮುಖವನ್ನು ಅಂಜದೆ ನೋಡುವ ಧೈರ್ಯ.