ಪುಕ್ಕಟೆ ಮುಖಗಳು

ಕ್ಷೌರದ ಕತ್ತಿಯ ಬಗ್ಗೆ ಕಥೆ ಹೇಳುವವರು ಒಮ್ಮೆಯಾದರೂ ಆ ಕತ್ತಿಯನ್ನು ಹಿಡಿದಿರಬೇಕು. ಇಲ್ಲಿ ಹೇಳುತ್ತಿರುವವರು ಹಿಡಿದಿಲ್ಲ. ಕುರ್ಚಿಯಲ್ಲಿ ಕೂತು ಕತ್ತು ಕೊಟ್ಟದ್ದಷ್ಟೇ. ಬರವಣಿಗೆಯೂ ಸಂಜೆ ತರಗತಿಯ ಬೆಂಚಿನ ಮೇಲೆ ತೂಕಡಿಸುತ್ತ ಕಲಿತದ್ದು. ಕಸುಬಿನವರು ಓದಿ ನಕ್ಕರೆ ಅದು ನ್ಯಾಯವೇ. ಆದರೂ ಒಂದು ಕೆಟ್ಟ ರೂಢಿಯ ಬಗ್ಗೆ ಚೆನ್ನಾಗಿ ಬಲ್ಲವರು ಯಾರೂ ಬರೆಯದಿರುವಾಗ ಅರೆಬರೆ ಬಲ್ಲವರಾದರೂ ಬರೆಯಬೇಕಾಗುತ್ತದೆ. ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ, ನಡುವೆ ಒಂದು ಪರದೆ. ಬೆಳಗಿನ ಹೊತ್ತು ಪರದೆಯ ಈಚೆಯ ಸಾಬೂನಿನ ವಾಸನೆಯೂ ಆಚೆಯ ಅಡುಗೆಯ ವಾಸನೆಯೂ ಒಂದಾಗಿ, ಕುರ್ಚಿಯಲ್ಲಿ ಕೂತ ಗಿರಾಕಿಗೆ ಮುಖ ಮಡಿಯಾಗುತ್ತಲೇ ಹೊಟ್ಟೆ ಹಸಿಯುತ್ತಿತ್ತು. "ಒಳಗೆ ಈರುಳ್ಳಿ ಹೆಚ್ಚುತ್ತಿದ್ದಾರೆ, ಕಣ್ಣಲ್ಲಿ ನೀರು ಬಂದ್ರೆ ನನ್ನ ಕತ್ತಿ ಮೇಲೆ ದೂರು ಹೇಳ್ಬೇಡಿ" ಎಂದು ಅಂಗಡಿಯ ಯಜಮಾನರು ಮೊದಲೇ ಹೇಳಿಬಿಡುತ್ತಿದ್ದರು.

ಈ ಯಜಮಾನರ ಹೆಂಡತಿಯ ತಮ್ಮನೇ ನಮ್ಮ ಕಥೆಯವನು. ಸಾಬೂನಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಾರ್ಖಾನೆ ಬಾಗಿಲು ಹಾಕಿತು. ಹೆಂಡತಿಯನ್ನೂ ಎಳೆಗೂಸನ್ನೂ ಅತ್ತೆಮನೆಯಲ್ಲಿ ಬಿಟ್ಟು, ಕಸುಬು ಕಲಿತು ಕರೆಸಿಕೊಳ್ಳುತ್ತೇನೆಂದು ಮಾತು ಕೊಟ್ಟು, ಅಕ್ಕನ ಮನೆಗೆ ಬಂದ. ಬೂಟಿನ ದಾರ ಕಟ್ಟುವುದಕ್ಕೂ ಯೋಚನೆ ಮಾಡುವ ಸ್ವಭಾವ. ಬಂದ ವಾರದಲ್ಲೇ ಬೀದಿಯವರು ಅವನಿಗೆ ನಿಧಾನಿ ಎಂದು ಹೆಸರಿಟ್ಟರು. ಅವನಿಗೂ ಅದು ಬೇಸರವಾದಂತೆ ಕಾಣಲಿಲ್ಲ. ಕರೆದರೆ ನಿಧಾನವಾಗಿ ತಿರುಗಿ ನೋಡುತ್ತಿದ್ದ.

ಭಾವನ ಕೈಯನ್ನು ಅವನು ನೋಡುತ್ತಿದ್ದ ರೀತಿಯೇ ಬೇರೆ. ಹೆಬ್ಬೆರಳಿನಿಂದ ಗಲ್ಲದ ಚರ್ಮವನ್ನು ಮೇಲಕ್ಕೆ ಎಳೆದು, ಕತ್ತಿಯ ಬೆನ್ನನ್ನು ಚರ್ಮದಿಂದ ಒಂದಿಷ್ಟೇ ಎತ್ತಿ, ಕಿವಿಯ ಬುಡದಿಂದ ದವಡೆಯವರೆಗೆ ಭಾವ ಒಂದೇ ಸಲಕ್ಕೆ ಇಳಿಸುತ್ತಿದ್ದರು. ಕಾಗದ ಹರಿದಂಥ ಸಣ್ಣ ಸದ್ದು, ನೊರೆಯ ನಡುವೆ ಒಂದು ಸ್ವಚ್ಛ ದಾರಿ. ಗದ್ದದ ಗುಳಿಗೆ ಬಂದಾಗ ಕೈ ತಾನಾಗಿ ನಿಧಾನಿಸಿ, ಗಂಟಲಿಗೆ ಬಂದಾಗ ಉಸಿರು ಹಿಡಿಯುತ್ತಿತ್ತು. ಹಾಗೆ ಒಂದು ದಿನ ನನ್ನ ಕೈಯೂ ಆಗಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ನಿಧಾನಿಗಿರಲಿಲ್ಲ.

ಮೊದಲು ಬರೀ ಚರ್ಮದ ಪಟ್ಟಿ. ಗೋಡೆಯ ಮೊಳೆಗೆ ನೇತುಹಾಕಿದ ಆ ಪಟ್ಟಿಯ ಮೇಲೆ ಕತ್ತಿಯನ್ನು ಬೆನ್ನು ಮುಂದಾಗಿ ಎಳೆಯಬೇಕು, ಕೊನೆಯಲ್ಲಿ ಬೆನ್ನಿನ ಮೇಲೇ ಹೊರಳಿಸಬೇಕು. ಅಲಗಿನ ಕಡೆ ಹೊರಳಿಸಿ ನಿಧಾನಿ ಪಟ್ಟಿಯನ್ನು ಎರಡು ಕಡೆ ಸೀಳಿದ.

"ಅದು ಮಾತಾಡಲ್ಲ ಅಂತ ಹಾಗೆ ಕುಯ್ಯೋದಾ?" ಎಂದರು ಭಾವ. "ಬೇರೆಯವರ ಮನೆ ಕೂಸು ಎತ್ಕೊಂಡಿದ್ದೀಯ ಅಂದ್ಕೊಂಡು ಹಿಡಿಯೋ. ಬಿಗಿ ಹಿಡಿದ್ರೆ ಅಳುತ್ತೆ, ಸಡಿಲ ಬಿಟ್ರೆ ಬೀಳುತ್ತೆ. ಎರಡಕ್ಕೂ ಉತ್ತರ ಹೇಳ್ಬೇಕಾದವನು ನೀನು."

ಪಟ್ಟಿ ಆದಮೇಲೆ ತನ್ನದೇ ಕಾಲು. ಸಂಜೆ ಹಿತ್ತಿಲಲ್ಲಿ ಕೂತು ಮೀನಖಂಡಕ್ಕೆ ನೊರೆ ಹಚ್ಚಿಕೊಂಡು ಬೋಳಿಸುತ್ತಿದ್ದ. ಅಕ್ಕ ಬಟ್ಟೆ ಒಣಹಾಕುತ್ತ ನೋಡಿ, "ಮೇಲೆ ಕರಡಿ, ಕೆಳಗೆ ಕೂಸು. ನಿನ್ನ ಹೆಂಡತಿ ಬಂದ್ರೆ ಯಾವುದನ್ನ ಗುರುತು ಹಿಡೀತಾಳೋ" ಎಂದು ನಕ್ಕಳು. ಕಾಲಿನ ಮೇಲೆ ಬಿದ್ದ ಒಂದೊಂದು ಗೀರನ್ನೂ ಅವನು ನೀರಿನಿಂದ ತೊಳೆದು, ಎಲ್ಲಿ ಕೋನ ತಪ್ಪಿತು ಎಂದು ಬೆರಳಿಟ್ಟು ನೋಡುತ್ತಿದ್ದ. ಇಷ್ಟು ತಾಳ್ಮೆಯಿಂದ ತನ್ನ ತಪ್ಪನ್ನು ಓದುವವರನ್ನು ಕಾಣುವುದು ಅಪರೂಪ.

ಒಂದು ದಿನ ಊಟಕ್ಕೆ ಕೂತಾಗ ಭಾವನ ತಾಯಿ ಮಾತು ತೆಗೆದರು. ಬೀದಿಗೆಲ್ಲ ಅವರು ದೊಡ್ಡಮ್ಮ. "ಕಾಲು ಕೆರೆದದ್ದು ಸಾಕು. ನಾಳೆ ರಜೆ. ಪುಕ್ಕಟೆ ಮುಖಕ್ಕೆ ಕರ್ಕೊಂಡು ಹೋಗು ಇವನನ್ನ."

ಪುಕ್ಕಟೆ ಮುಖವೆಂದರೆ ಬೀದಿಯ ಕೊನೆಯ ವೃದ್ಧಾಶ್ರಮ. ಯಾರೂ ಇಲ್ಲದ ಮುದುಕರು ಅಲ್ಲಿದ್ದರು. ಆ ಬೀದಿಯ ಕ್ಷೌರದಂಗಡಿಯವರೆಲ್ಲ ವಾರದ ರಜೆಯಲ್ಲಿ ಹೊಸ ಕಲಿಕೆಯವರನ್ನು ಅಲ್ಲಿಗೆ ಕಳಿಸುವುದು ತಲೆಮಾರುಗಳ ರೂಢಿ. ಮುದುಕರಿಗೆ ಕಾಸಿಲ್ಲದೆ ಗಡ್ಡ ಬೋಳಿಸಿದಂತಾಯಿತು, ಕಲಿಯುವವನ ಕೈ ಕೂತಂತಾಯಿತು. ಆಶ್ರಮದ ಮೇಲ್ವಿಚಾರಕರು ಅದನ್ನು ಸೇವೆ ಎನ್ನುತ್ತಿದ್ದರು. ಕೈಮುಗಿದು ಚಹಾ ಕೊಡುತ್ತಿದ್ದರು.

ನಿಧಾನಿ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭಾವನ ಹಿಂದೆ ಹೋದ. ಉದ್ದನೆಯ ವರಾಂಡದಲ್ಲಿ ಬೆಂಚಿನ ಮೇಲೆ ಮುದುಕರು ಕೂತಿದ್ದರು. ಅವರ ನಡುವೆ ನಡೆಯುತ್ತಿದ್ದ ಮಾತು ಇವರನ್ನು ಕಂಡೊಡನೆ ನಿಂತಿತು. ಬಂದರಿನಲ್ಲಿ ಮೂಟೆ ಹೊರುತ್ತಿದ್ದು, ಕಾಲು ಮುರಿದುಕೊಂಡು, ನೋಡಿಕೊಳ್ಳುವವರಿಲ್ಲದೆ ನಡುವಯಸ್ಸಿನಲ್ಲೇ ಅಲ್ಲಿಗೆ ಸೇರಿದ್ದ ಒಬ್ಬ ಅಜ್ಜ ಮಾತ್ರ ದೊಡ್ಡ ದನಿಯಲ್ಲಿ ಕೇಳಿದ:

"ಹೊಸ ಕೈಯಾ?"

"ಹೂಂ, ನನ್ನ ಭಾಮೈದ" ಎಂದರು ಭಾವ.

"ಬಾರಪ್ಪ. ಶುರು ಮಾಡೋ ಮುಂಚೆ ನಿನ್ನ ಶಾಲೆ ನೋಡ್ಕೊ." ಅಜ್ಜ ಮುಖವನ್ನು ಬೆಳಕಿಗೆ ಹಿಡಿದು, ಹಳೆಯ ಗಾಯದ ಗುರುತುಗಳನ್ನು ಬೆರಳಿನಿಂದ ಒಂದೊಂದೇ ಮುಟ್ಟಿ ತೋರಿಸಿದ. "ಕಿವಿ ಹತ್ರ ಇದು ಎದುರಂಗಡಿಯವನದು. ಮೂಗಿನ ಕೆಳಗೆ ಇದು ನಿಮ್ಮ ಭಾವನ ತಮ್ಮಂದು. ಗದ್ದದ ಮೇಲೆ, ಇದು ಉದ್ದ ಇದೆ ನೋಡು, ಇದು ನಿಮ್ಮ ಭಾವಂದೇ. ಈಗ ಎಂಥ ಕೈ ಅವರದು! ಈ ಪ್ರಾಂತ್ಯದಲ್ಲೇ ಇಲ್ಲ." ಅವನ ದನಿಯಲ್ಲಿ ದೂರಿರಲಿಲ್ಲ. ಮಕ್ಕಳ ಓದಿನ ವಿಷಯ ಹೇಳುವವರ ಹೆಮ್ಮೆಯಿತ್ತು. ನಿಧಾನಿಗೆ ಅದೇ ಸಹಿಸಲಾಗಲಿಲ್ಲ.

ಬೆಂಚಿನ ತುದಿಯಲ್ಲಿ ಲಕ್ವ ಹೊಡೆದು ಮಾತು ಹೋದ ಒಬ್ಬರಿದ್ದರು. ಅವರ ಕೊರಳಿಗೆ ಭಾವ ಟವೆಲು ಕಟ್ಟಿದರು.

"ಅವನಿಂದ ಶುರು ಮಾಡ್ಬೇಡಿ" ಎಂದ ಬಂದರಿನ ಅಜ್ಜ. "ಅವನು ನೋವಾದ್ರೂ ಹೇಳಲ್ಲ. ನನ್ನಿಂದ ಮಾಡಿ. ನಾನು ಬೈತೀನಿ, ನಿಮ್ಮ ಹುಡುಗ ಕಲೀತಾನೆ."

"ಅದಕ್ಕೇ ಅವರಿಂದ ಶುರು ಮಾಡೋದು ಅಜ್ಜಾ. ಬೈದ್ರೆ ಹೊಸಬನ ಕೈ ಹೆದರುತ್ತೆ." ಭಾವ ಇದನ್ನು ಕ್ರೂರವಾಗಿ ಹೇಳಲಿಲ್ಲ. ತನಗೆ ತನ್ನ ತಂದೆ ಹೇಳಿಕೊಟ್ಟದ್ದನ್ನು ಹಾಗೆಯೇ ಹೇಳಿದರು.

ನಿಧಾನಿ ನೊರೆ ಹಚ್ಚಿದ. ಬಲಗಲ್ಲ ಹೇಗೋ ಆಯಿತು. ಎಡಗಲ್ಲದ ಚರ್ಮ ಜೋಲುಬಿದ್ದಿತ್ತು. ಹೆಬ್ಬೆರಳು ಜಾರಿತು, ಕತ್ತಿ ನಿಲ್ಲಲಿಲ್ಲ. ನೊರೆ ಕೆಂಪಾಯಿತು. ಮಾತಿಲ್ಲದ ಮನುಷ್ಯ ಮಿಸುಕಲಿಲ್ಲ. ಮೊಣಕಾಲಿನ ಮೇಲಿದ್ದ ಬಲಗೈ ಮಾತ್ರ ಟವೆಲಿನ ಅಂಚನ್ನು ಮುದ್ದೆ ಮಾಡಿ ಹಿಡಿಯಿತು. ಭಾವ ರಕ್ತ ನಿಲ್ಲಲು ಪಟಿಕದ ಕಲ್ಲು ಒತ್ತಿ, "ಆಗುತ್ತೆ, ಮುಂದೆ ಮಾಡು" ಎಂದರು. ಅದೇ ಕತ್ತಿಯನ್ನು ಅದೇ ಬೋಗುಣಿಯ ನೀರಿನಲ್ಲಿ ಅದ್ದಿ, ಅವನು ಮುಂದಿನ ಮುಖಕ್ಕೆ ಹೋದ.

ಮುಂದಿನ ರಜೆಯಲ್ಲಿ ಹೋದಾಗ ಬೆಂಚಿನ ತುದಿ ಖಾಲಿಯಿತ್ತು. ಗಾಯ ಕೀವಾಗಿತ್ತು, ಮುಖದ ಅರ್ಧ ಊದಿ ಕಣ್ಣು ಮುಚ್ಚಿತ್ತು, ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದರು. "ವಯಸ್ಸಾದವರಿಗೆ ಇವೆಲ್ಲ ಇದ್ದದ್ದೇ" ಎಂದು ಮೇಲ್ವಿಚಾರಕರು ಚಹಾದ ಲೋಟ ಮುಂದೆ ಚಾಚಿದರು. ನಿಧಾನಿ ಲೋಟ ಮುಟ್ಟಲಿಲ್ಲ. ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತ. ಮುಂದಿನ ದಿನಗಳಲ್ಲೂ ಅಂಗಡಿ ಗುಡಿಸಿ ಮುಗಿಸಿದ ಮೇಲೆ ಹೋಗಿ ಕೂರುತ್ತಿದ್ದ. ಗಂಜಿಯನ್ನು ಚಮಚದಲ್ಲಿ, ನೋಯದ ಕಡೆಯಿಂದ, ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿದ್ದ. ಅಲ್ಲಿಯ ದಾದಿ, "ನಿಮ್ಮ ತಂದೆಯಾ?" ಎಂದು ಕೇಳಿದಾಗ, "ಅಲ್ಲ, ಈ ಗಾಯ ನಂದು" ಎಂದ.

ಆ ಮನುಷ್ಯ ಬದುಕಿದರು. ಗುಣವಾಗಿ ಆಶ್ರಮಕ್ಕೆ ಮರಳಿದ ವಾರವೇ ದೊಡ್ಡಮ್ಮ ಮತ್ತೆ, "ನಾಳೆ ರಜೆ" ಎಂದರು.

"ನಾನು ಕತ್ತಿ ತಗೊಂಡು ಹೋಗಲ್ಲ ದೊಡ್ಡಮ್ಮ" ಎಂದ ನಿಧಾನಿ.

ದೊಡ್ಡಮ್ಮ ತಟ್ಟೆಯನ್ನು ಹಿಂದಕ್ಕೆ ಸರಿಸಿದರು.

"ಯಾಕಪ್ಪ? ನಮ್ಮ ಯಜಮಾನರು ಅಲ್ಲೇ ಕಲಿತದ್ದು. ನನ್ನ ಮಕ್ಕಳಿಬ್ಬರೂ ಅಲ್ಲೇ ಕಲಿತದ್ದು. ಬೀದೀಲಿರೋ ಅಷ್ಟೂ ಜನ ಅಲ್ಲೇ ಕಲಿತದ್ದು. ನಿನಗೊಬ್ಬನಿಗೆ ಕೊಂಬು ಬಂದಿದೆಯಾ?"

"ಅವರಿಗೂ ನೋವಾಗುತ್ತೆ."

"ಪುಕ್ಕಟೆ ಅಂದ್ಮೇಲೆ ಸ್ವಲ್ಪ ಉರಿ ಇದ್ದೇ ಇರುತ್ತೆ. ಆ ಮುಖಗಳನ್ನ ಇನ್ಯಾರು ನೋಡ್ಬೇಕಾಗಿದೆ, ಹೇಳು?"

ಬಡಿಸುತ್ತಿದ್ದ ಅಕ್ಕ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಅತ್ತೆ, ನಾಳೆ ನಮ್ಮ ಮುಖ ನೋಡೋರೂ ಇಲ್ದೆ ಹೋದ್ರೆ?"

"ನೀನು ಸುಮ್ನಿರು. ತಮ್ಮನ ಪರ ವಕಾಲತ್ತು ಬೇಡ."

ಭಾವ ತಟ್ಟೆಯಿಂದ ತಲೆಯೆತ್ತಿದರು. "ಬುದ್ಧಿವಂತ, ಹಾಗಾದ್ರೆ ಎಲ್ಲಿ ಕಲೀತೀಯ? ನಿನ್ನ ಮುಖದ ಮೇಲಾ? ಕನ್ನಡೀಲಿ ಎಲ್ಲ ತಿರುವುಮುರುವು. ಆ ಕೈ ಬೇರೆಯವರ ಮುಖಕ್ಕೆ ಬರಲ್ಲ. ಗಿರಾಕಿ ಮೇಲಾ? ಒಂದು ಗೀರು ಬಿದ್ರೆ ಎದುರಂಗಡಿಗೆ ಹೋಗ್ತಾನೆ, ಹೋಗಿ ನಾಲ್ಕು ಜನಕ್ಕೆ ಹೇಳ್ತಾನೆ."

"ಆಶ್ರಮದೋರು ಎಲ್ಲಿಗೂ ಹೋಗಲ್ಲ, ಯಾರಿಗೂ ಹೇಳಲ್ಲ. ನಾವು ಅವರನ್ನ ಆರಿಸ್ಕೊಂಡಿರೋದು ಅದಕ್ಕೇ ಅಲ್ವಾ ಭಾವ? ಅದಕ್ಕೆ ಸೇವೆ ಅಂತ ಹೆಸರು ಬೇರೆ."

"ಕಸುಬು ಅಂದ್ಮೇಲೆ ಯಾರಾದ್ರೊಬ್ರ ರಕ್ತ ಬರುತ್ತೆ ಕಣೋ. ಎಲ್ಲಿ ಕಲೀಬೇಕು ಅದನ್ನ ಹೇಳು."

ನಿಧಾನಿ ತನ್ನ ಸ್ವಭಾವದಂತೆ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದ. "ನಿಮ್ಮ ಮುಖದ ಮೇಲೆ" ಎಂದ. "ಕೋನ ತಪ್ಪಿದ್ರೆ ತಕ್ಷಣ ಗೊತ್ತಾಗೋದು ನಿಮಗೆ. ಬೈಯೋಕೆ ಬಾಯಿ ಇರೋದು ನಿಮಗೆ. ಕೈಹಿಡಿದು ನಿಲ್ಲಿಸೋ ಹಕ್ಕು ಇರೋದೂ ನಿಮಗೆ. ಕಲಿಸೋರು ಮುಖ ಕೊಡ್ಬೇಕು ಭಾವ. ಕಲಿಯೋಕೆ ಬಂದೋನು ನಾನು, ಕಲಿಸ್ತೀನಿ ಅಂದೋರು ನೀವು. ನಮ್ಮಿಬ್ಬರ ವ್ಯವಹಾರಕ್ಕೆ ಮೂರನೆಯವರ ಚರ್ಮ ಯಾಕೆ?"

ದೊಡ್ಡಮ್ಮ ಎದೆ ಮುಟ್ಟಿಕೊಂಡರು. ಆ ಕಸುಬಿನವರಲ್ಲಿ ಇನ್ನೊಂದು ನಂಬಿಕೆಯಿತ್ತು: ಗುರುವಾದವನು ಕಲಿಯುವವನ ಕತ್ತಿಗೆ ಗಂಟಲು ಕೊಟ್ಟರೆ ಕಸುಬು ಅವನ ಕೈಬಿಟ್ಟು ಹೋಗುತ್ತದಂತೆ. "ಅನ್ನ ಹಾಕಿದವನ ಕತ್ತಿಗೇ ಕತ್ತಿ ಹಿಡೀತೀನಿ ಅಂತಾನಲ್ಲ" ಎಂದರು. ಸಿಟ್ಟಿನಲ್ಲಿ ಮಾತು ತೊಡರಿತು, ಯಾರೂ ನಗಲಿಲ್ಲ.

"ಬಂದರಿನ ಅಜ್ಜ ನಿಮ್ಮ ಕೈನ ಎಷ್ಟು ಹೊಗಳಿದ್ರು, ನೀವೂ ಕೇಳಿದ್ರಿ" ಎಂದ ನಿಧಾನಿ ಇನ್ನೂ ಮೆತ್ತಗೆ. "ನನಗೂ ಈ ಕೈ ಕಂಡ್ರೆ ದೇವರ ಹಾಗೆ. ಅದು ಅವರ ಗದ್ದದಿಂದ ಬಂದ ಕೈ."

ಭಾವ ಎದ್ದು ಕೈತೊಳೆದರು. "ಆಶ್ರಮಕ್ಕೆ ಹೋಗದವನಿಗೆ ಅಂಗಡೀಲಿ ಕೆಲಸ ಇಲ್ಲ" ಎಂದಷ್ಟೇ ಹೇಳಿ ಪರದೆ ಸರಿಸಿ ಅಂಗಡಿಗೆ ಹೋದರು.

ಈ ಮಾತಿನ ಅರ್ಥ ನಿಧಾನಿಗೆ ಪೂರ್ತಿ ಗೊತ್ತಿತ್ತು. ಕಸುಬಿಲ್ಲದಿದ್ದರೆ ಮನೆಯಿಲ್ಲ, ಮನೆಯಿಲ್ಲದಿದ್ದರೆ ಹೆಂಡತಿ, ಮಗು ಇನ್ನೂ ಅತ್ತೆಮನೆಯ ಮೂಲೆಯಲ್ಲೇ. ಬೀದಿಯ ಬೇರೆ ಅಂಗಡಿಗೆ ಹೋದರೂ ಮೊದಲು ಕಳಿಸುವುದು ಅದೇ ವರಾಂಡಕ್ಕೆ. ಒಂದು ಗೀರಿಗೆ ಕಣ್ಣು ಮುಚ್ಚಿಕೊಂಡಿದ್ದರೆ ಎಲ್ಲವೂ ಸಲೀಸಾಗುತ್ತಿತ್ತು. ಅವನು ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಇಂಥ ಹೊತ್ತಿನಲ್ಲಿ ಗಟ್ಟಿಯಾಗಿ ಮಾತಾಡುವವರು ಬಹಳ. ಸದ್ದಿಲ್ಲದೆ ಬಟ್ಟೆ ಮಡಚುವವರು ಕಡಿಮೆ.

ರಜೆ ಕಳೆದ ಮರುದಿನ ಬೆಳಿಗ್ಗೆ, ಹೋಗಿಬರುತ್ತೇನೆ ಎಂದು ಹೇಳಲು ಚೀಲ ಹಿಡಿದು ಪರದೆ ಸರಿಸಿದ. ಅಂಗಡಿಯಲ್ಲಿ ಆಗಲೇ ಗಿರಾಕಿಗಳು ಕಾದಿದ್ದರು. ಗಿರಾಕಿಯ ಕುರ್ಚಿಯಲ್ಲಿ ಭಾವ ಕೂತಿದ್ದರು. ಟವೆಲನ್ನು ತಾವೇ ಕಟ್ಟಿಕೊಂಡಿದ್ದರು. ಒಂದು ದಿನವೂ ಗಡ್ಡ ಬಿಟ್ಟವರಲ್ಲ. ಅವತ್ತು ಗಲ್ಲದ ಮೇಲೆ ಬೂದಿ ಚೆಲ್ಲಿದಂತೆ ಬೆಳೆದಿತ್ತು.

"ಬಸ್ಸು ತಪ್ಪಿದ್ರೆ ಇನ್ನೊಂದು ಸಿಗುತ್ತೆ. ಚೀಲ ಇಟ್ಟು ಕೈ ತೊಳಿ" ಎಂದರು.

"ಭಾವ..."

"ಕತ್ತಿ ಕುದಿಯೋ ನೀರಲ್ಲಿ ಅದ್ದಿದ್ದೀನಿ. ತೆಗೀವಾಗ ಸುಟ್ಕೊಂಡೀಯ."

ನಿಧಾನಿ ಕೈ ತೊಳೆದ. ಬ್ರಶ್ಶು ತಿರುವಿದ. ನೊರೆ ದಟ್ಟವಾದ ಮೇಲೆ ಭಾವನ ಮುಖಕ್ಕೆ ಹಚ್ಚಿದ. ಕಾದಿದ್ದವರಲ್ಲಿ ಪತ್ರಿಕೆ ಓದುತ್ತಿದ್ದ ಒಬ್ಬ ಟೈಲರು ಪತ್ರಿಕೆಯನ್ನು ಕೆಳಗಿಳಿಸಿ, "ಇವತ್ತು ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ನನ್ನ ಸರದಿ ನಿಮ್ಮ ಭಾವನ ಕೈಲೇ ಇರಲಿ" ಎಂದ. ಅಂಗಡಿ ನಕ್ಕಿತು. ಭಾವ ನಗಲಿಲ್ಲ, ನೊರೆಯೊಳಗಿಂದ, "ಹೆಬ್ಬೆರಳು" ಎಂದರು.

ನಿಧಾನಿ ಹೆಬ್ಬೆರಳಿನಿಂದ ಚರ್ಮ ಬಿಗಿಹಿಡಿದ. ಮೊದಲ ದಾರಿ ಬಿತ್ತು.

"ಬೆನ್ನು ಜಾಸ್ತಿ ಎತ್ತಿದ್ದೀಯ, ಮಲಗಿಸು. ಹೂಂ. ಒತ್ತಬೇಡ, ಕತ್ತಿಗೆ ಅದರದೇ ಭಾರ ಇದೆ. ನಿಲ್ಲು, ಕೂದಲು ಯಾವ ಕಡೆ ಬೆಳೆದಿದೆ ನೋಡು ಮೊದಲು. ಕತ್ತೆ, ಆ ಕಡೆ ಅಲ್ಲ."

ಬೈಗುಳದ ಜೊತೆ ಕಸುಬು ಇಳಿಯಿತು. ಆಶ್ರಮದಲ್ಲಿ ಕುರುಡಾಗಿ ತಡವರಿಸಿದ್ದ ಕೈಗೆ ಇಲ್ಲಿ ಪ್ರತಿ ಹೆಜ್ಜೆಗೂ ದನಿ ಸಿಗುತ್ತಿತ್ತು. ಗಂಟಲಿಗೆ ಬಂದಾಗ ಭಾವ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ಪರದೆಯ ಬಳಿ ದೊಡ್ಡಮ್ಮ ಬೆನ್ನು ಮಾಡಿ ನಿಂತಿದ್ದರು, ಆದರೆ ಒಳಗೆ ಹೋಗಲಿಲ್ಲ. ಅಕ್ಕ ಅವರ ಪಕ್ಕದಲ್ಲಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ಒರೆಸುತ್ತಲೇ ನಿಂತಿದ್ದಳು. ಕತ್ತಿ ಗಂಟಲನ್ನು ದಾಟಿತು. ದವಡೆಯ ತಿರುವಿನಲ್ಲಿ, ಎಲ್ಲ ಮುಗಿಯಿತು ಎನ್ನುವಾಗ, ಒಂದು ಸಣ್ಣ ಗೀರು ಬಿತ್ತು.

ನಿಧಾನಿ ಕತ್ತಿಯನ್ನು ಹಿಂದಕ್ಕೆ ತೆಗೆದ. ಭಾವ ಕಣ್ಣು ತೆರೆದು ಕನ್ನಡಿಯಲ್ಲಿ ನೋಡಿಕೊಂಡರು. ಪಟಿಕದ ಕಲ್ಲನ್ನು ತಾವೇ ಎತ್ತಿ ಒತ್ತಿಕೊಂಡರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, "ಇದು ಹೀಗೆ ಉರಿಯುತ್ತೆ ಅಂತ ಗೊತ್ತೇ ಇರಲಿಲ್ಲ" ಎಂದರು. ಅಷ್ಟು ವರ್ಷ ಇನ್ನೊಬ್ಬರಿಗೆ ಹಚ್ಚಿದವರು ಹೇಳಿದ ಆ ಮಾತಿಗೆ ಅಂಗಡಿಯಲ್ಲಿ ಯಾರೂ ತಮಾಷೆ ಮಾಡಲಿಲ್ಲ.

ಕಸುಬು ಭಾವನ ಕೈಬಿಟ್ಟು ಹೋಗಲಿಲ್ಲ; ಆ ದಿನ ಮಧ್ಯಾಹ್ನದವರೆಗೆ ಅವರು ಎಂದಿನಂತೆಯೇ ಕೆಲಸ ಮಾಡಿದರು. ಇಂದಿಗೂ ರಜೆಯ ದಿನ ಇಬ್ಬರೂ ಆಶ್ರಮಕ್ಕೆ ಹೋಗುತ್ತಾರೆ. ಬಹಳ ಕಾಲ ಅಲ್ಲಿ ಕತ್ತಿ ಹಿಡಿದವರು ಭಾವ ಒಬ್ಬರೇ, ಅದೂ ಮುಖಕ್ಕೊಮ್ಮೆ ಕತ್ತಿಯನ್ನು ಕುದಿಸಿ ತೊಳೆದು. ನಿಧಾನಿ ನೊರೆ ಹಚ್ಚುತ್ತಿದ್ದ. ಕೈ ಕೂತಿದೆ ಎಂದು ಭಾವ ಒಪ್ಪಿದ ಮೇಲಷ್ಟೇ ಅವನು ಬಂದರಿನ ಅಜ್ಜನನ್ನು, "ನನ್ನ ಕೈ ಆಗಬಹುದಾ?" ಎಂದು ಕೇಳಿದ. ಆ ಬೆಂಚಿನ ಮೇಲೆ ಹಾಗೆ ಕೇಳಿದ್ದು ಅದೇ ಮೊದಲು. ಅವನ ಹೆಂಡತಿ, ಮಗು ಬಂದು ಸೇರಿದ್ದಾರೆ. ಕಲಿಸುವವರೇ ಮೊದಲು ಮುಖ ಕೊಡಬೇಕೆಂಬ ಅವನ ಮಾತು ಕ್ಷೌರದಂಗಡಿಗಷ್ಟೇ ಸಲ್ಲುವುದಲ್ಲ. ಬಡವರ ಮೈಮೇಲೆ ಕೈ ಪಳಗಿಸಿಕೊಂಡು ಅದನ್ನು ಉಪಕಾರವೆಂದು ಕರೆಯುವ ಕಡೆಯಲ್ಲೆಲ್ಲ ಅದನ್ನು ಹೇಳಬೇಕು.

ಬೀದಿಯ ಉಳಿದ ಅಂಗಡಿಯವರು ರೂಢಿ ಬಿಟ್ಟರೋ, ಬೇರೆ ಆಶ್ರಮ ಹುಡುಕಿಕೊಂಡರೋ, ವಿಚಾರಿಸಿದರೂ ಸರಿಯಾದ ಉತ್ತರ ಸಿಗಲಿಲ್ಲ. ಭಾವ ಅವತ್ತು ಯಾಕೆ ಕುರ್ಚಿಯಲ್ಲಿ ಕೂತರು ಎಂಬುದೂ ತಿಳಿಯದು. ನಾಚಿಕೆಯೋ, ಭಾಮೈದನ ಮೇಲಿನ ಅಕ್ಕರೆಯೋ, ಜಗಳ ಸಾಕೆಂಬ ದಣಿವೋ. ನಿಧಾನಿ ಒಮ್ಮೆ ಕೇಳಿದ್ದಕ್ಕೆ, "ಗಡ್ಡ ಬೆಳೆದಿತ್ತು, ಅದಕ್ಕೆ" ಎಂದರಂತೆ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ.