ಗುಜರಿಯ ತಕ್ಕಡಿ

ನನ್ನ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಜೆ ಪಾಠ ನಡೆಯುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಬೀದಿಯ ಮಕ್ಕಳಿಗೆ ಪುಕ್ಕಟೆ ಹೇಳಿಕೊಡುತ್ತಾರೆ. ಪುಕ್ಕಟೆ ಅಂದರೆ ನಮ್ಮವರಿಗೆ ಅನುಮಾನ. ಇವನಿಗೇನು ತಲೆ ಕೆಟ್ಟಿದೆಯಾ ಎಂದು ಮೊದಮೊದಲು ಆಡಿಕೊಂಡರು. ನಾನು ಜಾಗ ಕೊಟ್ಟದ್ದು ಧರ್ಮಕ್ಕಲ್ಲ, ಮೊಮ್ಮಗಳಿಗಾಗಿ. ತಾಯಿಯಿಲ್ಲದ ಮಗು. ಮಾತು ಕಮ್ಮಿ, ತಲೆ ಮಾತ್ರ ಬಲು ಚುರುಕು. ಬಟ್ಟೆಯ ಗಂಟಿನ ಮೇಲೆ ಕೂತು, ಇಸ್ತ್ರಿಯ ಹಬೆಗೆ ಬೆವರುತ್ತ, ಎಂಥ ಲೆಕ್ಕವನ್ನೂ ಬಾಯಲ್ಲೇ ಮಾಡುತ್ತಿದ್ದಳು. ಭಾನುವಾರ ವಸತಿ ಶಾಲೆಯ ಪ್ರವೇಶ ಪರೀಕ್ಷೆಯಿತ್ತು. ಪಾಸಾದರೆ ಊಟ, ಹಾಸಿಗೆ, ಓದು ಎಲ್ಲ ಅಲ್ಲೇ. ಅವಳೊಬ್ಬಳಾದರೂ ಈ ಬೀದಿಯಿಂದ ಪಾರಾಗಲಿ ಎಂದು ನನಗೆ ಹುಚ್ಚೇ ಹಿಡಿದಿತ್ತು.

ಮೇಷ್ಟ್ರದ್ದೊಂದು ಪದ್ಧತಿ: ಪರೀಕ್ಷೆಗೆ ಮುಂಚೆ ಮನೆಮನೆಗೆ ಹೋಗಿ ಮಕ್ಕಳನ್ನು ಅಪ್ಪಂದಿರ ಎದುರು ಹೊಗಳುವುದು. ಹೊಗಳಿದರೆ ಅಪ್ಪಂದಿರು ಮಕ್ಕಳನ್ನು ಕೆಲಸಕ್ಕೆ ಎಳೆಯುವುದಿಲ್ಲವಂತೆ. ನನ್ನ ಮಗ ಗುಜರಿ ಗೋದಾಮಿನಲ್ಲಿ ಹೊರೆ ಇಳಿಸುವವನು. ಅವನೆದುರೂ, ನಿಮ್ಮ ಮಗಳು ಕ್ಯಾಲ್ಕುಲೇಟರಿಗಿಂತ ಬೇಗ ಲೆಕ್ಕ ಹಾಕುತ್ತಾಳೆ, ಒಂದೂ ತಪ್ಪುವುದಿಲ್ಲ ಎಂದುಬಿಟ್ಟರು ಮಹಾನುಭಾವರು. ಸಾಕು ನಿಲ್ಲಿಸಿ ಎಂದು ನಾನು ಕಣ್ಸನ್ನೆ ಮಾಡಿದೆ. ಅವರೆಲ್ಲಿ ನೋಡಿದರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗ ಅದನ್ನು ಹೆಮ್ಮೆಯಿಂದ ಗೋದಾಮಿನ ಧಣಿಗೆ ಹೇಳಿದ. ಅಲ್ಲಿ ತೂಕ ನೋಡುವವನು ಆಗಷ್ಟೇ ಬಿಟ್ಟುಹೋಗಿದ್ದ; ಆ ಜಾಗಕ್ಕೆ ಮಗಳನ್ನು ಕರೆತಾ ಎಂದನಂತೆ ಧಣಿ. ಶನಿವಾರ ಬೆಳಿಗ್ಗೆ ಮಗ ಅವಳನ್ನು ಕರೆದುಕೊಂಡು ಹೊರಟೇಬಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತು ಬಾಯಿಗೆ ಬಂದಂತೆ ಬೈದೆ.

"ಓದೋದು ಯಾಕಮ್ಮ? ಕೆಲಸ ಸಿಗ್ಲಿ ಅಂತ ತಾನೇ? ಸಿಕ್ಕಿದೆಯಲ್ಲ," ಎಂದ. ಅವನ ಸೊಂಟ ಬಿದ್ದುಹೋಗಿದೆ, ನೆಟ್ಟಗೆ ನಿಲ್ಲಲಾರ. ಅದನ್ನು ಕಂಡು ಬಾಗಿಲಿನಿಂದ ಸರಿದೆ.

ಭಾನುವಾರ ಮೇಷ್ಟ್ರು ಹಾಲ್ ಟಿಕೆಟ್ ಹಿಡಿದು ಬಂದರು. ಇಬ್ಬರೂ ಗೋದಾಮಿಗೆ ಓಡಿದೆವು. ತುಕ್ಕು ಹಿಡಿದ ತಗಡುಗಳ ನಡುವೆ, ತಕ್ಕಡಿಯ ಪಕ್ಕ ಡಬ್ಬದ ಮೇಲೆ ಕೂತಿದ್ದಳು. ಮೇಷ್ಟ್ರನ್ನು ಕಂಡದ್ದೇ ತರಗತಿಯಲ್ಲಿ ಏಳುವ ಹಾಗೆ ಎದ್ದು ನಿಂತಳು. ಇನ್ನೂ ಸಮಯವಿದೆ, ಬಾ ತಾಯಿ ಎಂದು ಅವರು ಬೇಡಿಕೊಂಡರು. ಧಣಿ ತಡೆಯಲಿಲ್ಲ. ಹೋಗುವುದಾದರೆ ಅಪ್ಪನನ್ನೂ ಕರೆದುಕೊಂಡು ಹೋಗಲಿ, ಹೊರೆ ಎತ್ತಲಾರದವನನ್ನು ಇಟ್ಟುಕೊಂಡಿರುವುದೇ ಮಗಳ ಲೆಕ್ಕ ನೋಡಿ ಎಂದ.

ಅವಳು ತಗಡಿನ ರಾಶಿಯ ಪಕ್ಕ ನಿಂತಿದ್ದ ಅಪ್ಪನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ.

"ನೀವು ಹೋಗಿ ಸರ್," ಎಂದಳು. "ಗಾಡಿ ಬಂದಿದೆ, ತೂಕ ನೋಡ್ಬೇಕು."

ದಾರಿಯುದ್ದಕ್ಕೂ ಮೇಷ್ಟ್ರನ್ನು ಬೈದೆ.

ಸಂಜೆ ಪಾಠ ಈಗಲೂ ನಡೆಯುತ್ತದೆ. ಮೇಷ್ಟ್ರು ಯಾರ ಮನೆಗೂ ಹೋಗುವುದಿಲ್ಲ. ಯಾವುದಾದರೂ ಮಗು ಥಟ್ಟನೆ ಉತ್ತರ ಹೇಳಿದರೆ ಎದ್ದು ಬಾಗಿಲು ಮುಚ್ಚುತ್ತಾರೆ, ಮೆಲ್ಲಗೆ ಹೇಳು ಮಗು, ಹೊರಗೆ ಕೇಳಿಸುತ್ತೆ ಎನ್ನುತ್ತಾರೆ.