ಗೆರೆಯಿಲ್ಲದ ಚುಕ್ಕೆ

ಆ ವೃದ್ಧಾಶ್ರಮದಲ್ಲಿ ಮೂರು ವಾರ್ಡುಗಳು: ಕೆಂಪು ಬಾಗಿಲಿನದು, ಹಳದಿಯದು, ನೀಲಿಯದು. ಯಾರನ್ನು ಯಾವ ವಾರ್ಡಿನಲ್ಲಿ ಇಡಬೇಕೆಂದು ಹೇಳುವ ಪ್ರೋಗ್ರಾಂ ಬರೆದವಳು ಮೊಮ್ಮಗಳು. ಅವಳ ಅಜ್ಜಿ ಇದ್ದದ್ದೂ ಅಲ್ಲೇ, ನೀಲಿ ವಾರ್ಡಿನ ಕಿಟಕಿ ಪಕ್ಕದಲ್ಲಿ.

"ಒಬ್ಬೊಬ್ಬರೂ ಒಂದೊಂದು ಚುಕ್ಕೆ, ಅಜ್ಜಿ," ಎಂದು ಅವಳು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ್ದಳು. "ಜಗಳ ಆಡಿದೋರ ಮಧ್ಯೆ ಒಂದು ಗೆರೆ. ಗೆರೆಯ ಎರಡು ತುದೀಲೂ ಒಂದೇ ಬಣ್ಣ, ಅಂದ್ರೆ ಒಂದೇ ವಾರ್ಡು, ಇರಬಾರದು."

"ಗೆರೆ ದಿನಾ ಬದಲಾಗತ್ತಲ್ಲೇ? ನಿನ್ನೆ ಕಚ್ಚಾಡಿದೋರು ಇವತ್ತು ಹೆಗಲ ಮೇಲೆ ಕೈ ಹಾಕ್ಕೊಂಡು ಓಡಾಡ್ತಾರೆ."

"ಅದೇ ಕಷ್ಟ. ಪ್ರತಿ ಸಲ ಎಲ್ಲರಿಗೂ ಹೊಸದಾಗಿ ಬಣ್ಣ ಬಳಿದ್ರೆ ಎಲ್ಲರ ಗಂಟುಮೂಟೆನೂ ಎತ್ತಬೇಕು. ಅದಕ್ಕೇ ಆದಷ್ಟು ಕಡಿಮೆ ಜನರನ್ನ ಅಲುಗಾಡಿಸೋದು."

"ನನಗೆಷ್ಟು ಗೆರೆ?"

"ಒಂದೂ ಇಲ್ಲ."

ಅಜ್ಜಿ ಬಹುಮಾನ ಬಂದವಳಂತೆ ಬೀಗಿದ್ದಳು.

ಆದರೆ ಮಂಚಗಳೆಲ್ಲ ಭರ್ತಿ. ಜಗಳವಾಡಿದವರಲ್ಲಿ ಒಬ್ಬರನ್ನು ಬೇರೆ ವಾರ್ಡಿಗೆ ಕಳಿಸಬೇಕಾದರೆ ಅಲ್ಲಿಂದ ಇನ್ನೊಬ್ಬರು ಏಳಬೇಕು. ಎಲ್ಲಿ ಹಾಕಿದರೂ ಹೊಂದಿಕೊಳ್ಳುವವರನ್ನು ಪ್ರೋಗ್ರಾಂ ಹುಡುಕುತ್ತಿತ್ತು. ಪ್ರತಿ ಸಲ ಸಿಗುತ್ತಿದ್ದವಳು ಅಜ್ಜಿಯೇ. ನೀಲಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ, ಮತ್ತೆ ನೀಲಿಗೆ. ಚಪ್ಪಲಿ, ಕನ್ನಡಕದ ಡಬ್ಬಿ, ದಿಂಬು ಮಡಿಲಲ್ಲಿಟ್ಟುಕೊಂಡು ಗಾಲಿಕುರ್ಚಿಯಲ್ಲಿ ಹೊರಡುವಳು.

ನೀಲಿ ವಾರ್ಡಿನಲ್ಲಿ ಅವಳ ಪಕ್ಕದ ಮಂಚ ದರ್ಜಿ ಅಜ್ಜಿಯದು. ಆಕೆ ಮೇಲೇಳುವ ಸ್ಥಿತಿಯಲ್ಲಿರಲಿಲ್ಲ. ಹೊಲಿದು ಹೊಲಿದು ಸೊಟ್ಟಗಾದ ಬೆರಳನ್ನು ಅಜ್ಜಿಯ ಕೈಯಲ್ಲಿಟ್ಟು ಕಥೆ ಕೇಳುತ್ತಿದ್ದಳು. ತನ್ನ ನೆರಳನ್ನು ಮರಳಿ ಕೇಳಲು ಗಾಳಿಯ ಮನೆಗೆ ಹೊರಟ ಹುಡುಗಿಯ ಕಥೆ. ಹುಡುಗಿ ಗಾಳಿಯ ಹೊಸ್ತಿಲವರೆಗೆ ಬಂದಿದ್ದಳು.

"ಕಥೆ ಮುಗಿಯೋವರೆಗೆ ನನ್ನನ್ನ ಇಲ್ಲೇ ಇರಿಸೇ, ಪುಟ್ಟಿ. ಅವಳಿಗೆ ಜಾಸ್ತಿ ದಿನ ಇಲ್ಲ."

ಮೊಮ್ಮಗಳು ಮೇಲ್ವಿಚಾರಕಿಯನ್ನು ಕೇಳಿದಳು.

"ನಿಮ್ಮಜ್ಜಿಗೊಂದು ನ್ಯಾಯ, ಬೇರೆಯವರ ಅಜ್ಜಿಗೆ ಇನ್ನೊಂದಾ?" ಎಂದಳು ಆಕೆ. "ಜಗಳ ನಾನು ಕಣ್ಣಾರೆ ನೋಡಿದ್ರೆ ಮಾತ್ರ ಗೆರೆ."

ಹಾಗಾದರೆ ಉಳಿದದ್ದು ಒಂದೇ ದಾರಿ. ಮೊಮ್ಮಗಳು ಅಜ್ಜಿಯ ಕಿವಿಯಲ್ಲಿ ಉಸುರಿದಳು: "ಕೆಂಪಿನವರೊಬ್ಬರ ಹತ್ತಿರ, ಹಳದಿಯವರೊಬ್ಬರ ಹತ್ತಿರ ಜಗಳ ತೆಗಿ. ಆಮೇಲೆ ನಿನಗೆ ನೀಲಿ ಬಿಟ್ಟು ಬೇರೆ ಜಾಗವೇ ಇರಲ್ಲ."

"ಅಯ್ಯೋ, ಹಲ್ಲೆಲ್ಲ ಉದುರಿದ ಮೇಲೆ ಕಚ್ಚೋದು ಕಲೀಲಾ?"

ಭಾನುವಾರ ಊಟದ ಹಾಲ್‌ನಲ್ಲಿ ಕೆಂಪು ವಾರ್ಡಿನ ಹಳೇ ಲಾರಿ ಡ್ರೈವರ್ ಎದುರು ಅವಳು ಗಾಲಿಕುರ್ಚಿ ನಿಲ್ಲಿಸಿದಳು. ಮೇಲ್ವಿಚಾರಕಿ ನೋಡುತ್ತಿದ್ದಳು.

"ಏನಯ್ಯಾ, ಊಟ ಮಾಡ್ತೀಯೋ ಲಾರಿ ಸ್ಟಾರ್ಟ್ ಮಾಡ್ತೀಯೋ? ಏನದು ಸದ್ದು!"

ಡ್ರೈವರ್ ಬೆಚ್ಚಿ ಚಮಚ ಕೆಳಗಿಟ್ಟ. "ನನ್ನ ಹೆಂಡತೀನೂ ಹಿಂಗೇ ಬೈತಿದ್ಲು, ಅಕ್ಕಾ," ಎಂದವನ ಕಣ್ಣು ತುಂಬಿತು. ಅಜ್ಜಿ ತನ್ನ ಸೆರಗಿನಿಂದಲೇ ಅವನ ಮುಖ ಒರೆಸಿದಳು. ಮೇಲ್ವಿಚಾರಕಿ ನಕ್ಕು ಹೊರಟುಹೋದಳು.

ಆ ವಾರವೇ ಹಳದಿ ವಾರ್ಡಿನಲ್ಲಿ ರೇಡಿಯೋ ವಿಷಯಕ್ಕೆ ಇಬ್ಬರು ಕಿತ್ತಾಡಿದರು. ಒಬ್ಬಾಕೆ ನೀಲಿಗೆ ಬಂದಳು. ಅಜ್ಜಿ ದಿಂಬು ಎತ್ತಿಕೊಂಡಳು.

ಆ ಸುದ್ದಿ ಕೇಳಿದ ಮೊಮ್ಮಗಳು ಊಟ ಬಿಟ್ಟು ಕುಳಿತು ಇನ್ನೊಂದು ಬಗೆಯ ಗೆರೆ ಬರೆದಳು. ಜೊತೆಗೇ ಇರಬೇಕಾದವರ ನಡುವಿನದು. ಒಬ್ಬರನ್ನು ಎತ್ತಿದರೆ ಇಬ್ಬರನ್ನೂ ಎತ್ತಬೇಕು, ಇಲ್ಲವೇ ಮುಟ್ಟಲೇಬಾರದು. ಮೇಲ್ವಿಚಾರಕಿ ಒಪ್ಪಿದಳು. ಮರುದಿನ ಬೆಳಿಗ್ಗೆ ಆಶ್ರಮದ ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಅಜ್ಜಿಯ ಚುಕ್ಕೆಯಿಂದ ಗೆರೆ ಎಳೆಯಲು ಹೋದರೆ ಇನ್ನೊಂದು ತುದಿಗೆ ಚುಕ್ಕೆಯೇ ಇರಲಿಲ್ಲ. ದರ್ಜಿ ಅಜ್ಜಿಯ ಚುಕ್ಕೆಯನ್ನು ನಸುಕಿನಲ್ಲೇ ತೆಗೆದುಬಿಟ್ಟಿದ್ದರು.

ಅಜ್ಜಿ ಹಳದಿ ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ನೀಲಿಗೆ ಹೋಗೋಣ, ಅಜ್ಜಿ. ಅಲ್ಲೊಂದು ಮಂಚ ಖಾಲಿ ಇದೆ."

"ಎಲ್ಲಿಗಾದ್ರೂ ಹಾಕು, ಕೂಸೇ. ಈಗ ಎಲ್ಲಾನೂ ಒಂದೇ."

ಮೊಮ್ಮಗಳು ಮಂಚದ ಮೇಲೆ ಮುದುಡಿ, ಚಿಕ್ಕಂದಿನಂತೆ ಅವಳ ತೊಡೆಯ ಮೇಲೆ ತಲೆಯಿಟ್ಟಳು. "ಆ ಹುಡುಗಿಗೆ ನೆರಳು ಸಿಕ್ತಾ? ನನಗೆ ಹೇಳು."

ಅಜ್ಜಿಯ ಕೈ ಅವಳ ಕೂದಲ ಮೇಲೆ ನಿಧಾನಕ್ಕೆ ಆಡಿತು. ಇಲ್ಲಿಯವರೆಗೆ ಮೊಮ್ಮಗಳು ಕೇಳಿದ ಯಾವ ಕಥೆಗೂ ಇಲ್ಲವೆಂದವಳಲ್ಲ.

"ಬೇರೆ ಯಾವುದಾದ್ರೂ ಕೇಳು, ಪುಟ್ಟಿ," ಎಂದಳು. "ಅದು ಅವಳ ಕಥೆ."